ಬಾಗಿಲ ಸಂದಿಯ ಚಾಪೆ

ಮಗಳ ಕೆನ್ನೆಗೆ ಹೊಡೆದದ್ದು ತಪ್ಪಾಯಿತೆಂದು ವಿನೋದಳಿಗೆ ಗೊತ್ತಾಗಲು ಮೂರು ದಿನ ಹಿಡಿಯಿತು. ಆ ಮೂರೂ ದಿನ ಅತ್ತೆ ತುಂಗಕ್ಕ ಏನೂ ತಿಳಿಯದವರ ಹಾಗೆ ಒಲೆಯ ಮುಂದೆ ಕೂತು ಅನ್ನಕ್ಕೆ ಎಸರಿಟ್ಟರು, ಸಾರಿಗೆ ಒಗ್ಗರಣೆ ಹಾಕಿದರು, ಮೊಮ್ಮಗಳ ತಾಟಿಗೆ ತುಪ್ಪವನ್ನೂ ಬಡಿಸಿದರು. ಉಳಿದದ್ದನ್ನೆಲ್ಲ ಹೇಗೋ ನುಂಗಿಕೊಂಡಿದ್ದ ವಿನೋದಾ ಅದೊಂದನ್ನು ಮಾತ್ರ ನುಂಗಲಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸಾಲುಕೋಣೆಗಳ ಚಾಳೊಂದರ ಎರಡನೆಯ ಮಾಳಿಗೆಯಲ್ಲಿ ಅವರಿಗೆ ಎರಡು ಕೋಣೆ. ಹಿಂದಿನದರಲ್ಲಿ ಅಡಿಗೆ ಮತ್ತು ದೇವರು; ಮುಂದಿನದರಲ್ಲಿ ಉಳಿದ ಸಂಸಾರ. ಮಾವ ವಿಷ್ಣುಮೂರ್ತಿರಾಯರು ಬಿಜಾಪುರ ಬಿಟ್ಟು ಬಂದು ಮಿಲ್ಲಿನ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ, ಈಗ ಬೆಳಗಿನಿಂದ ಹನ್ನೊಂದರವರೆಗೆ ಸಾಲಿಗ್ರಾಮದ ಪೂಜೆಯಲ್ಲಿ ಇರುತ್ತಿದ್ದರು. ಗಂಡ ಹಯಗ್ರೀವ ಠಾಣೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಮಗಳು ವಾರಿಜಾಗೆ ಹನ್ನೆರಡು ವರ್ಷ, ಮರಾಠಿ ಶಾಲೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ.

ಮಾವನ ಹಳೆಯ ಧೋತರಗಳನ್ನು ಹರಿದು, ಕುದಿಸಿ ಒಣಗಿಸಿ, ಮಡಿಚಿ ಅಟ್ಟದ ಮೇಲಿನ ಟ್ರಂಕಿನಲ್ಲಿಡುವುದು ವಿನೋದಳ ಕೆಲಸ. ಆ ಮನೆಯಲ್ಲಿ ಅದು ಬೇಕಾಗುತ್ತಿದ್ದದ್ದು ಅವಳೊಬ್ಬಳಿಗೇ. ಅತ್ತೆಯ ಮುಟ್ಟು ನಿಂತು ಎಂಟು ವರ್ಷವಾಗಿತ್ತು. ೧೯೭೯ರ ಆಷಾಢದಲ್ಲಿ ಒಂದು ದಿನ ಟ್ರಂಕು ತೆರೆದರೆ ಅರ್ಧದಷ್ಟು ಬಟ್ಟೆ ಇಲ್ಲ. ಅವಳ ದಿನಗಳು ಇನ್ನೂ ದೂರವಿದ್ದವು. ಹಾಗಾದರೆ ಯಾರಿಗೆ? ಮಗಳು ದೊಡ್ಡವಳಾಗಿ, ಬಾಯಿ ಮುಚ್ಚಿಕೊಂಡು, ಮೈಲಿಗೆಯಲ್ಲೇ ದೇವರ ಮುಂದೆಲ್ಲ ಓಡಾಡಿದ್ದಾಳೆ ಎಂದುಕೊಂಡಳು. ಅತ್ತೆಗೆ ಗೊತ್ತಾದರೆ ಮಗಳನ್ನಲ್ಲ, ತಾಯಿಯನ್ನು ಹರಿದು ಹಾಕುತ್ತಾರೆ.

ಶಾಲೆಯಿಂದ ಬಂದವಳನ್ನು ಮೂಲೆಗೆ ಎಳೆದು ಕೇಳಿದಳು. ವಾರಿಜಾ ಕೆಂಪಗಾಗಿ, ಮೀ ನಾಹೀ ಘೇತ್ಲೇ, ನಾನು ತೆಗೆದುಕೊಂಡಿಲ್ಲ ಎಂದಳು. ಆ ಕೆಂಪು ಮುಖವೇ ಸಾಕ್ಷಿಯೆಂದುಕೊಂಡ ವಿನೋದಾ ರಪ್ಪೆಂದು ಬಾರಿಸಿದಳು. ಹುಡುಗಿ ಅಳುವುದು ಅಡಿಗೆಮನೆಗೆ ಕೇಳಿಸುವಷ್ಟೇ ದೂರ. ತುಂಗಕ್ಕ ಅಲ್ಲಿಂದ, ಸಂಜೀ ಹೊತ್ತಿನಾಗ ಯಾಕ ಹೊಡೀತಿ ಅದಕ್ಕ ಎಂದು ಕೇಳಿ ಸುಮ್ಮನಾದರು.

ಮೂರನೆಯ ದಿನ ಅತ್ತೆ ಒಲೆಯ ಮುಂದಿನಿಂದ ಎದ್ದು ದೇವರ ಪಾತ್ರೆ ತೊಳೆಯಲು ಹೋದಾಗ, ನೆಲ ಸಾರಿಸಲು ಅವರು ಕೂತಿದ್ದ ಮಣೆ ಎತ್ತಿದ ವಿನೋದಳಿಗೆ ಅದರ ಮೇಲೆ ಹಸಿ ರಕ್ತದ ಕಲೆ ಕಂಡಿತು. ಬೆರಳಿನಿಂದ ಒರೆಸಿ ನೋಡಿದಳು. ಮಗಳ ಕೆನ್ನೆ ನೆನಪಾಗಿ ಅವಳ ಮೈಯೆಲ್ಲ ಉರಿಯಿತು.

"ಎಷ್ಟು ದಿನಾ ಆತು?" ಎಂದು ಮಣೆ ಹಿಡಿದುಕೊಂಡೇ ಕೇಳಿದಳು.

ತುಂಗಕ್ಕ ಮಣೆಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಜ್ಯೇಷ್ಠದಾಗ ನಾಕು ದಿನಾ ಕಂಡಿತ್ತು. ಆಮ್ಯಾಲ ಬಿಟ್ಟು ಬಿಟ್ಟು ಬರ್ತದ."

"ಅದರಾಗ ನೈವೇದ್ಯಾ ಮಾಡ್ಲಿಕತ್ತೀರಿ."

"ಇದು ಮುಟ್ಟಲ್ಲ. ನಿಂತು ಹೋದ ಮ್ಯಾಲ ಬರೂದು ರೋಗದ್ದು, ಅದಕ್ಕ ಮೈಲಿಗಿ ಇಲ್ಲ. ಶಾಸ್ತ್ರಾ ನೀ ನನಗ ಕಲಸಬ್ಯಾಡ."

"ನಾ ಲೂಪ್ ಹಾಕಿಸ್ಕೊಂಡಾಗ ಇಪ್ಪತ್ತೆರಡು ದಿನಾ ಹೋತು. ಅದೂ ರೋಗದ್ದ ಇತ್ತು. ಆವಾಗ ಈ ಶಾಸ್ತ್ರಾ ಎಲ್ಲಿ ಹೋಗಿತ್ತು, ಅತ್ಯಾ?"

"ಅದು ನೀ ಬೇಕಂತ ಹೋಗಿ ಹಾಕಿಸ್ಕೊಂಡು ತಂದದ್ದು. ಇದು ದೇವರು ಕೊಟ್ಟದ್ದು."

ಆ ಇಪ್ಪತ್ತೆರಡು ದಿನ ವಿನೋದಾ ಮರೆಯುವಂಥದ್ದಲ್ಲ. ಮುಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ತಾಟು. ಗ್ಯಾಲರಿಯಲ್ಲಿ ಹೋಗಿಬರುವವರೆಲ್ಲ ಇಣುಕಿ ನೋಡಿ, ಈ ತಿಂಗಳು ಇನ್ನೂ ಏಳಲಿಲ್ಲವೇನು ಎಂದು ವಿಚಾರಿಸುವವರೇ. ಪ್ರತಿ ತಿಂಗಳ ನಾಲ್ಕು ದಿನ ಇದ್ದೇ ಇತ್ತು; ಆದರೆ ಆ ಸಲ ಹದಿನೈದು ದಿನವಾದರೂ ನಿಲ್ಲದಿದ್ದಾಗ ಮಕ್ಕಳು ಸಾಕೆಂದು ಹಾಕಿಸಿಕೊಂಡಿದ್ದ ಆ ಲೂಪ್ ತೆಗೆಸಿ ಬರುತ್ತೇನೆಂದು ಬೇಡಿಕೊಂಡಿದ್ದಳು. ಮೈಲಿಗೆಯವಳ ಜೊತೆ ಯಾರು ಹೋಗಬೇಕು, ನಿಲ್ಲಲಿ, ಆಮೇಲೆ ನೋಡೋಣ ಎಂದು ತುಂಗಕ್ಕ ಕೈ ಝಾಡಿಸಿಬಿಟ್ಟಿದ್ದರು. ಕೊನೆಗೆ ಹಯಗ್ರೀವನೇ ಒಂದು ಶನಿವಾರ ರಜೆ ಹಾಕಿ ಕರೆದುಕೊಂಡು ಹೋದ.

ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಚಾತುರ್ಮಾಸದ ಮೊದಲ ತಿಂಗಳು, ತರಕಾರಿ, ಹುಣಸೆ, ಮೆಣಸಿನಕಾಯಿ ಯಾವುದೂ ಇಲ್ಲದ ಅಡಿಗೆ. ಹೆಸರುಬೇಳೆಯ ತೊವ್ವೆ, ಕರಿಮೆಣಸಿನ ಸಾರು. ಮಾವ ಎಲೆಯ ಬದಿಗೆ ಚಿತ್ರಾವತಿಯ ಅಗುಳು ಇಟ್ಟು ಅನ್ನ ಕಲಸಿ ಎರಡು ತುತ್ತು ತಿಂದ ಮೇಲೆ ವಿನೋದಾ ಬಾಗಿಲಲ್ಲಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ದನಿ ಏರಿಸಲಿಲ್ಲ. ಮಣೆ, ಕಲೆ, ಟ್ರಂಕಿನ ಬಟ್ಟೆ, ಜ್ಯೇಷ್ಠದಿಂದ ಆದ ನೈವೇದ್ಯಗಳು, ಎಲ್ಲವನ್ನೂ ಸಾಲಾಗಿ ಹೇಳಿದಳು. ಊಟದ ನಡುವೆ ಹೇಳಬೇಕೆಂದೇ ಅವಳು ಕಾದಿದ್ದಳು.

ರಾಯರು ಹೆಂಡತಿಯ ಕಡೆ ತಿರುಗಿ, "ಖರೇನ?" ಎಂದರು.

"ಖರೇ" ಎಂದರು ತುಂಗಕ್ಕ. "ಆದ್ರ ಇದು ಮುಟ್ಟಲ್ಲ. ನಿಮಗೂ ಗೊತ್ತದ."

ರಾಯರಿಗೆ ಏನೂ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಆ ವಿಷಯದಲ್ಲಿ ಹೆಂಡತಿ ಹೇಳಿದ್ದೇ ಶಾಸ್ತ್ರವಾಗಿತ್ತು. ಈಗ ಅದೇ ಹೆಂಡತಿಯ ಮೈಯ ಮಾತು ಬಂದಾಗ ಅವರು ನಂಬಲಾರದೆ ಹೋದರು. ಕಲಸಿದ ಅನ್ನ ಎಲೆಯಲ್ಲೇ ಬಿಟ್ಟು ಎದ್ದು ಕೈ ತೊಳೆದುಕೊಂಡರು. ಬಿಜಾಪುರದ ಆಚಾರ್ಯರಿಗೆ ಬರೆದು ಕೇಳುತ್ತೇನೆ, ಅವರ ಉತ್ತರ ಬರುವ ತನಕ ಹೊರಗೆ ಕೂಡು ಎಂದರು. ಹಯಗ್ರೀವ ತಲೆ ಎತ್ತದೆ ತನ್ನ ತಾಟು ಮುಗಿಸಿದ.

ತುಂಗಕ್ಕ ವಾದ ಮಾಡಲಿಲ್ಲ. ಒಲೆಯ ಮುಂದಿನಿಂದ ಎದ್ದು, ಇಕ್ಕಳವನ್ನು ನೆಲದ ಮೇಲಿಟ್ಟು, ಸೊಸೆಯ ಪಕ್ಕದಲ್ಲೇ ಹಾದು ಹೋಗಿ ಬಾಗಿಲ ಸಂದಿಯ ಚಾಪೆಯ ಮೇಲೆ ಕೂತರು. ಅಲ್ಲಿಂದ ಸೊಸೆಗೆ ಕೇಳುವಂತೆ ಒಂದೇ ಮಾತು ಹೇಳಿದರು: "ಛಲೋ ಕಾಯ್ಕೊಂಡು ಕೂತಿದ್ದಿ."

ಹೀಗೆ ಮದುವೆಯಾದ ಹದಿನಾಲ್ಕನೆಯ ವರ್ಷ ವಿನೋದಳಿಗೆ ಅಡಿಗೆಮನೆ ಸಿಕ್ಕಿತು. ಅಷ್ಟು ವರ್ಷ ಅವಳದು ಹೆಚ್ಚುವುದು, ರುಬ್ಬುವುದು, ತಿಕ್ಕುವುದು. ಒಲೆಯ ಮುಂದೆ ಕೂಡುವುದು ಮಾತ್ರ ಅತ್ತೆಯೇ. ಈಗ ಸಾರಿಗೆ ಎಷ್ಟು ಬೆಲ್ಲ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳಿಗೆ ಸುಖವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಿಗ್ಗೆ ಐದಕ್ಕೆ ನಳ ಬಂದಾಗ ಎದ್ದು ಮಡಿ ನೀರು ತುಂಬುವಾಗ ಹಾಡು ಗುನುಗುವಷ್ಟು ಸುಖವಾಯಿತು.

ಅತ್ತೆಗೆ ತಾನು ಉಂಡದ್ದನ್ನೇ ಉಣಿಸಿದಳು. ತಾಟಿಗೆ ಅನ್ನವನ್ನು ಮೇಲಿನಿಂದ ಹಾಕುವುದು, ತಂಬಿಗೆಗೆ ನೀರನ್ನು ಮೇಲಿನಿಂದ ಹೊಯ್ಯುವುದು. ಹಾದು ಹೋಗುವಾಗ, ಸೀರಿ ತಾಗ್ತದ, ಸರೀರಿ ಅಂಚಿಗೆ ಎನ್ನುವುದು. ಇದೆಲ್ಲ ಅತ್ತೆಯದೇ ಮಾತು, ಅತ್ತೆಯದೇ ಧಾಟಿ. ತುಂಗಕ್ಕನೂ ಕಡಿಮೆಯವರಲ್ಲ. ಕೂತಲ್ಲಿಂದಲೇ, ಸಾರು ಹಳಸಿದ್ಹಂಗ ನಾರ್ತದ, ಅನ್ನಾ ಮುದ್ದಿ ಆಗ್ಯದ, ನಿಮ್ಮವ್ವ ಇಷ್ಟ ಕಲಿಸಿ ಕಳಸಿದ್ಲೇನು ಎಂದು ದಿನಕ್ಕೆ ನಾಲ್ಕು ಸಲ ಚುಚ್ಚಿದರು. ನಾಲ್ಕನೆಯ ದಿನ ತಲೆಗೆ ಎರೆದುಕೊಂಡರೂ ಸಂಜೆಗೆ ಮತ್ತೆ ಕಂಡಿತು. ಎಂಟನೆಯ ದಿನವೂ ಹಾಗೆಯೇ ಆಯಿತು. ಆಮೇಲೆ ಅವರು ಎರೆದುಕೊಳ್ಳುವುದನ್ನೇ ಬಿಟ್ಟರು. ವಿನೋದಳ ನಾಲ್ಕು ದಿನಗಳು ಬಂದಾಗ ಅವಳೂ ಅದೇ ಕೋಣೆಯ ಇನ್ನೊಂದು ಮೂಲೆಗೆ ಕೂಡುತ್ತಿದ್ದಳು, ರಾಯರೇ ಒಲೆ ಹಚ್ಚುತ್ತಿದ್ದರು.

ಹಯಗ್ರೀವ ಏಳು ಐವತ್ತರ ಲೋಕಲ್ ಹಿಡಿದು ಹೋದರೆ ಬರುವುದು ಸಂಜೆ ಏಳಕ್ಕೆ. ನಿಮ್ಮ ನಿಮ್ಮೊಳಗ ಏನರೆ ಮಾಡ್ಕೋರಿ, ನನ್ನ ಕಿವಿಗೆ ಹಾಕಬ್ಯಾಡ್ರಿ ಎಂಬುದು ಅವನ ನ್ಯಾಯ. ಒಂದು ಸಲ ಮಾತ್ರ ತಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಮಾತು ತೆಗೆದ. ತುಂಗಕ್ಕ ಮಗನನ್ನು ನುಂಗುವ ಹಾಗೆ ನೋಡಿ, ಈ ವಯಸ್ಸಿನಾಗ ಪರಗಂಡಸಿನ ಮುಂದ ಮಲಕ್ಕೋ ಅಂತಿಯಾ ಎಂದರು. ಹೆಣ್ಣು ಡಾಕ್ಟರೂ ಇರುತ್ತಾರೆ ಎಂದು ಅವನು ಹೇಳುವಷ್ಟರಲ್ಲಿ ರಾಯರು ಅಡ್ಡ ಬಾಯಿ ಹಾಕಿದರು. ಆಚಾರ್ಯರ ಉತ್ತರ ಬರಲಿ, ಅವರು ಹೋಗು ಅಂದರೆ ಇವಳನ್ನು ನಾನೇ ಎಳೆದುಕೊಂಡು ಹೋಗುತ್ತೇನೆ ಎಂದರು. ಆಚಾರ್ಯರು ಬಾವಿಗೆ ಬೀಳು ಎಂದು ಬರೆದರೂ ರಾಯರು ಬೀಳುವವರೇ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ವಾರಿಜಾ ಅಜ್ಜಿ ಮತ್ತು ತಾಯಿ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಳು. ಬೇಕಾದದ್ದನ್ನು ಅಜ್ಜನಿಗೆ ಹೇಳಿ ಪಡೆಯುತ್ತಿದ್ದಳು.

ಚಾತುರ್ಮಾಸದ ಎರಡನೆಯ ತಿಂಗಳು ಬಂತು. ತಿಂಗಳಿಗೊಂದು ಪದಾರ್ಥ ಬಿಡುವ ವ್ರತದಂತೆ ತರಕಾರಿ ಮನೆಗೆ ಬಂತು, ಮೊಸರು ಹೋಯಿತು. ಗಣಪತಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ವಿನೋದಾ ಬೆಂಡೆಕಾಯಿ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಪೋಸ್ಟ್‌ಮನ್ ಎದುರಿಗೆ ಸಿಕ್ಕು ಒಂದು ಲಕೋಟೆ ಕೈಗಿಟ್ಟ. ಮಾವನ ಹೆಸರು, ಬಿಜಾಪುರದ ಮುದ್ರೆ. ರಾಯರು ಪುರಾಣ ಕೇಳಲು ಹೋಗಿದ್ದರು. ಅವಳು ಬಾಗಿಲ ಹೊರಗೆ ನಿಂತೇ ಒಡೆದಳು. ಮಂತ್ರಾಕ್ಷತೆಯ ಕಾಳು ಅಂಗೈಗೆ ಉದುರಿದವು. ಅಭ್ಯಾಸದಿಂದ ಅವನ್ನು ತಲೆಗೆ ಹಾಕಿಕೊಂಡು ಪತ್ರ ಓದಿದಳು.

ಆಚಾರ್ಯರು ಚುಟುಕಾಗಿ ಬರೆದಿದ್ದರು. ಎಂಟು ವರ್ಷದ ಹಿಂದೆ ನಿಂತದ್ದು ಈಗ ಕಂಡರೆ ಅದು ಮುಟ್ಟಲ್ಲ, ರೋಗ. ಅದಕ್ಕೆ ಮೈಲಿಗೆ ಹಿಡಿಯುವ ಕಾರಣವಿಲ್ಲ. ಸ್ನಾನ ಮಾಡಿಸಿ ಒಳಗೆ ಕರೆದುಕೊಳ್ಳುವುದು. ರೋಗವೆಂದ ಮೇಲೆ ಮೊದಲು ವೈದ್ಯರಿಗೆ ತೋರಿಸತಕ್ಕದ್ದು, ತಡ ಮಾಡಬಾರದು.

ಚಾಪೆಯ ಮೇಲಿಂದ ತುಂಗಕ್ಕ ಕೇಳಿದರು. "ಯಾರ ಪತ್ರಾ?"

"ನಮ್ಮ ಅಣ್ಣಂದು" ಎಂದಳು ವಿನೋದಾ.

ಏಕೆ ಹಾಗೆಂದಳೋ ಆ ಕ್ಷಣ ಅವಳಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂತ ಮೇಲೆ ತಿಳಿಯಿತು. ಈ ಗಣಪತಿಗೆ ಕಡುಬು ತನ್ನ ಕೈಯಿಂದ ಆಗಬೇಕಿತ್ತು. ಅತ್ತೆ ಇಂದೇ ಎದ್ದು ಒಳಗೆ ಬಂದರೆ, ನಾ ಹೇಳಿದ್ದ ಖರೇ ಆತಲ್ಲ ಎಂದು ಅದನ್ನೇ ಎತ್ತಿ ಎತ್ತಿ ಆಡುತ್ತಾರೆ. ಹಬ್ಬ ಮುಗಿಯಲಿ, ಆಮೇಲೆ ಮಾವನ ಕೈಗೆ ಕೊಟ್ಟರಾಯಿತು ಎಂದು ಲಕೋಟೆಯನ್ನು ಸಂಡಿಗೆ ಡಬ್ಬಿಯ ತಳಕ್ಕೆ ಇಟ್ಟಳು.

ಹಬ್ಬ ಮುಗಿಯಿತು. ಕಡುಬು ಚೆನ್ನಾಗಿದ್ದವೆಂದು ಹಯಗ್ರೀವ ಎರಡು ಹೆಚ್ಚಿಗೆ ತಿಂದ. ಪಕ್ಷಮಾಸ ಬರುತ್ತದಲ್ಲ, ಹಿರಿಯರ ಶ್ರಾದ್ಧದ ಅಡಿಗೆಯನ್ನು ಒಂದು ಸಲ ತಾನು ಮಾಡಿ ತೋರಿಸಬೇಕೆಂದಾಯಿತು. ಅದೂ ಆಯಿತು. ಈಗ ಪತ್ರ ತೆಗೆದುಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರೆ ಎಂಬ ಅಂಜಿಕೆ ಹುಟ್ಟಿತು. ದಿನ ಹೋದಷ್ಟೂ ಕೊಡುವುದು ಕಷ್ಟವಾಗುತ್ತ ಹೋಯಿತು. ಆಚಾರ್ಯರು ಚಾತುರ್ಮಾಸಕ್ಕೆ ಸ್ವಾಮಿಗಳ ಹತ್ತಿರ ಹೋಗಿರಬೇಕು, ದೊಡ್ಡವರಿಗೆ ಎರಡೆರಡು ಸಲ ಬರೆದು ಕಾಡಬಾರದು ಎಂದು ರಾಯರು ತಮ್ಮ ಪಾಡಿಗೆ ತಾವು ಕಾದರು.

ಮೊಸರು ಬಂದು ಹಾಲು ಹೋದ ಮೂರನೆಯ ತಿಂಗಳಲ್ಲಿ ತುಂಗಕ್ಕನ ಮುಖ ಬಿಳಿಚಿಕೊಂಡಿತು. ತಾವೇ ತಮ್ಮ ಬಟ್ಟೆ ಒಗೆದುಕೊಳ್ಳಲು ನಳಕ್ಕೆ ಹೋಗಿ ಬರುವಾಗ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅದನ್ನು ಚಾಳಿನ ತುದಿಯ ಕೋಣೆಯ ಶರಣಬಸಮ್ಮ ಕಂಡಳು. ಕಲಬುರಗಿ ಕಡೆಯ ಹೆಂಗಸು, ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಒಂದು ಬೆಳಿಗ್ಗೆ ನಳದ ಹತ್ತಿರ ವಿನೋದಾ ಒಬ್ಬಳೇ ಇದ್ದಾಗ ಕೊಡ ಕೆಳಗಿಟ್ಟು ಮಾತು ತೆಗೆದಳು.

"ಅಕ್ಕಾರ, ನಿಮ್ಮತ್ತಿಗಿ ಇನ್ನಾ ನಿಂತಿಲ್ಲೇನ್ರಿ?"

ಇಲ್ಲ, ಲೂಪ್ ಹಾಕಿಸಿಕೊಂಡಾಗ ನನಗೂ ಹೀಗೇ ಹೋಗಿತ್ತಲ್ಲ ಎಂದಳು ವಿನೋದಾ.

"ಅದು ಬ್ಯಾರೆರೀ. ಲೂಪಿಗಿ ಹೋಗ್ತದ, ಒಳಗ ಗಡ್ಡಿ ಇದ್ರ ಹೋಗ್ತದ, ನಿಲ್ಲೂ ವಯಸ್ಸಿನಾಗ ತಿಂಗಳಿಗಿ ಎರಡು ಸಲ ಹೋಗ್ತದ. ಅವಕ್ಕೆಲ್ಲ ಔಷಧ ಅದ. ಪೂರಾ ನಿಂತು ವರ್ಷ ಆದ ಮ್ಯಾಲ ಒಂದ ಹನಿ ಕಂಡ್ರೂ ಬಿಡಬಾರದಂತ ನಮ್ಮ ಡಾಕ್ಟರ್‌ಬಾಯಿ ಹೇಳ್ತಾರ. ಕ್ಯಾನ್ಸರ್ ಇದ್ರೂ ಇರ್ತದಂತ. ಲಗೂನ ತಂದ್ರ ಗರ್ಭಚೀಲಾ ತಗದು ಉಳಿಸ್ತಾರ. ನಾಳಿನೇ ಕರಕೊಂಡು ಬರ್ರಿ, ನಾ ಚೀಟಿ ತಗಸಿ ಇಡ್ತೀನಿ."

ಅವರು ಬರುವುದಿಲ್ಲ ಎಂದಳು ವಿನೋದಾ. ಅದು ಸುಳ್ಳಲ್ಲ, ಆದರೆ ಅವರನ್ನು ಕೇಳಿಯೂ ಇರಲಿಲ್ಲ. ಹೇಳಿ ನೋಡುತ್ತೇನೆ ಎಂದು ಕೊಡ ಎತ್ತಿಕೊಂಡು ಬಂದಳು. ಬಾಗಿಲು ದಾಟುವಾಗ ಅತ್ತೆ, ನಿನ್ನೆಯ ಪಲ್ಯದಲ್ಲಿ ಹರಳು ಸಿಕ್ಕಿತು, ಕಣ್ಣು ಕುರುಡಾಗ್ಯಾವೇನು ಎಂದರು. ಹೇಳಬೇಕೆಂದಿದ್ದ ಮಾತು ಅಲ್ಲೇ ಸತ್ತಿತು. ಮಧ್ಯಾಹ್ನ ಹೇಳೋಣವೆಂದುಕೊಂಡಳು, ಮಧ್ಯಾಹ್ನ ಇನ್ನೊಂದು ಜಗಳವಾಯಿತು. ಶರಣಬಸಮ್ಮ ಆಮೇಲೆ ಇನ್ನೆರಡು ಸಲ ಕೇಳಿ, ಕೇಳುವುದನ್ನೇ ಬಿಟ್ಟಳು. ದಸರೆ ಬಂದು ಹೋಯಿತು.

ದಸರೆಯ ಮರುವಾರ ಒಂದು ಬೆಳಿಗ್ಗೆ, ಹಯಗ್ರೀವ ಇನ್ನೂ ಹೊರಟಿರದಾಗ, ತುಂಗಕ್ಕ ಒದ್ದೆ ಬಟ್ಟೆಯ ಬಕೆಟ್ ಸಮೇತ ಗ್ಯಾಲರಿಯಲ್ಲಿ ಕುಸಿದು ಬಿದ್ದರು. ಸೀರೆಯೆಲ್ಲ ತೊಯ್ದಿತ್ತು, ನೀರಿನಿಂದಷ್ಟೇ ಅಲ್ಲ. ರಾಯರು ಸ್ನಾನ ಮಾಡಿ ಮಡಿಯುಟ್ಟಿದ್ದರು. ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರು. ಶರಣಬಸಮ್ಮ ಓಡಿ ಬಂದು ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿದಳು, ಹಯಗ್ರೀವ ಕಾಲು ಹಿಡಿದ. ಟಾಂಗಾದಲ್ಲಿ ಕಲ್ಯಾಣದ ಆಸ್ಪತ್ರೆಗೆ ಒಯ್ದರು. ಎರಡು ಬಾಟಲಿ ರಕ್ತ ಕೊಟ್ಟು, ಒಳಗಿನಿಂದ ಕೆರೆದು ತೆಗೆದದ್ದನ್ನು ತಪಾಸಣೆಗೆ ಮುಂಬೈಗೆ ಕಳಿಸಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಆಸ್ಪತ್ರೆಯಲ್ಲಿ ಎಲ್ಲರನ್ನೂ ಮುಟ್ಟಿ ಬಂದ ಮೇಲೆ ಇನ್ನೆಲ್ಲಿಯ ಮಡಿ ಎಂದು ಹಯಗ್ರೀವ ತಾಯಿಯನ್ನು ಮಂಚಕ್ಕೆ ಕರೆದ. ಅವರು ಒಲ್ಲೆನೆಂದು ಬಾಗಿಲ ಸಂದಿಗೇ ಹೋಗಿ ಮಲಗಿದರು. ಅಪ್ಪ ಮಗನಿಗೆ ಅದರ ಮೇಲೆ ದೊಡ್ಡ ಮಾತಾಯಿತು. ನಿಮ್ಮ ಆಚಾರ್ಯ ಸತ್ತಾನೇನು, ಒಂದು ಕಾರ್ಡು ಬರೀಲಿಕ್ಕೆ ಆಗೂದಿಲ್ಲೇನು ಎಂದು ಹಯಗ್ರೀವ ಹುಟ್ಟಿದಾಗಿನಿಂದ ಮೊದಲ ಸಲ ತಂದೆಯ ಮೇಲೆ ದನಿಯೇರಿಸಿದ. ಒಳಗೆ ಚಪಾತಿ ಲಟ್ಟಿಸುತ್ತಿದ್ದ ವಿನೋದಳಿಗೆ ಅದು ಕೇಳಿಸಿತು. ಎದ್ದು ಹೋಗಿ ಹೇಳಬಹುದಿತ್ತು. ಅವಳು ಏಳಲಿಲ್ಲ.

ರಿಪೋರ್ಟು ತರುವ ದಿನ ಹಯಗ್ರೀವನಿಗೆ ರಜೆ ಉಳಿದಿರಲಿಲ್ಲ. ಅತ್ತೆ ಸೊಸೆ ಇಬ್ಬರೇ ಹೋದರು. ಡಾಕ್ಟರ್ ನಡುವಯಸ್ಸಿನ ಮರಾಠಿ ಹೆಂಗಸು. ಕಾಗದ ಎರಡು ಸಲ ಓದಿ, ಕ್ಯಾನ್ಸರ್ ಆಗಿದೆ, ಗರ್ಭಚೀಲ ದಾಟಿ ಹೊರಗೆ ಹಬ್ಬಿದೆ ಎಂದಳು. ಇನ್ನು ಕೊಯ್ಯುವಂತಿಲ್ಲ, ಪರೇಲಿನ ದೊಡ್ಡ ಆಸ್ಪತ್ರೆಗೆ ಹೋಗಿ ಗಡ್ಡೆ ಸುಡುವ ಲೈಟ್ ಕೊಡಿಸಿ, ಅಷ್ಟೇ. ಮೊದಲು ಕಂಡಾಗಲೇ ಬಂದಿದ್ದರೆ ಮಾತು ಬೇರೆ ಇತ್ತು. ಜೂನಿನಿಂದ ಹೋಗುತ್ತಿದೆ ಅನ್ನುತ್ತೀರಿ, ಮನೆಯಲ್ಲಿ ಇಷ್ಟು ಜನ ಇದ್ದು ಏನು ಮಾಡುತ್ತಿದ್ದಿರಿ ಎಂದು ಅವಳು ವಿನೋದಳನ್ನು ನೋಡಿ ಕೇಳಿದಳು.

ಅವರು ನಮಗೆ ಹೇಳಲೇ ಇಲ್ಲ, ಎಂದಳು ವಿನೋದಾ ಮರಾಠಿಯಲ್ಲಿ.

ತುಂಗಕ್ಕ ಮರಾಠಿ ಆಡುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಆ ಊರಿನಲ್ಲಿದ್ದವರಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಕಲ್ಯಾಣದ ಸ್ಟೇಷನ್ನಿಗೆ ನಡೆದು ಬಂದರು. ಮಧ್ಯಾಹ್ನದ ಲೋಕಲ್, ಹೆಂಗಸರ ಡಬ್ಬಿಯಲ್ಲಿ ಜನವಿರಲಿಲ್ಲ. ಇಬ್ಬರೂ ಒಂದೇ ಬಾಕಿನ ಮೇಲೆ ಕೂತರು. ಸೀರೆಗೆ ಸೀರೆ ತಾಗಿತು, ಯಾರೂ ಸರಿಯಲಿಲ್ಲ. ಗಾಡಿ ಠಾಕುರ್ಲಿ ಬಿಟ್ಟ ಮೇಲೆ ತುಂಗಕ್ಕ ಬಾಯಿ ತೆರೆದರು.

"ಡಾಕ್ಟರ್ ಮುಂದ ನಾ ಹೇಳಲಿಲ್ಲ ಅಂದಿ."

"ಮತ್ತೇನ ಅನಬೇಕಿತ್ತು?"

"ಸಂಡಗಿ ಡಬ್ಬಿಯೊಳಗಿನ ಪತ್ರಾ ನಾ ಓದೀನಿ."

ವಿನೋದಾ ಗಕ್ಕನೆ ಅತ್ತೆಯ ಕಡೆ ತಿರುಗಿದಳು. ಅವಳ ಬಾಯಿಂದ ಬಂದದ್ದು ಒಂದು ಹುಚ್ಚು ಮಾತು. "ಹೊರಗ ಕೂತವರು ಅಡಿಗಿಮನಿಗೆ ಹೋದ್ರಿ?"

"ಮೈಲಿಗಿ ಇಲ್ಲಂತ ಬರದಾರಲ್ಲ. ಗಣಪತಿ ಹಬ್ಬದ ಮುಂದ ಬಂತು. ಲಕೋಟಿ ಮ್ಯಾಲಿನ ಅವರ ಅಕ್ಷರಾ ನನಗ ಗೊತ್ತಿಲ್ಲೇನು? ನೀ ನೀರಿಗೆ ಹೋದಾಗ ಒಳಗ ಹೋಗಿ ಹುಡುಕಿದೆ, ಓದಿದೆ, ಹೆಂಗಿತ್ತೋ ಹಂಗ ಇಟ್ಟು ಬಂದೆ."

"ಮತ್ತ ಯಾಕ ಸುಮ್ಮನ ಕೂತ್ರಿ? ಮಾವಗ ಒಂದು ಮಾತು ಹೇಳಿದ್ರ ಅವತ್ತ ಕರಕೊಂಡು ಹೋಗ್ತಿದ್ರು."

"ಎಷ್ಟು ದಿನಾ ಮುಚ್ಚಿಡ್ತಿ ನೋಡಬೇಕಾಗಿತ್ತು. ನೀನ ತಂದು ಕೊಡಬೇಕಾಗಿತ್ತು. ನಿನ್ನ ಕಡೆ ಬೇಡಿ ಇಸ್ಕೊಂಡು ಒಳಗ ಬರೂ ಹೆಂಗಸಲ್ಲ ನಾ." ತುಂಗಕ್ಕ ಉಸಿರು ತೆಗೆದುಕೊಂಡರು. ಅವರಿಗೆ ಅಷ್ಟು ಮಾತಿಗೇ ದಣಿವಾಗಿತ್ತು. "ರೋಗ ಅಂದ್ರ ಕಷಾಯಕ್ಕ ಹೋಗೂದು ಅಂತ ತಿಳಕೊಂಡಿದ್ದೆ. ಇಷ್ಟು ಅಂತ ನನಗೇನು ಗೊತ್ತು, ನಿನಗೇನು ಗೊತ್ತು. ಇಬ್ಬರೂ ಹಟಕ್ಕ ಬಿದ್ವಿ. ನಂದು ಮುಗೀತು."

ವಿನೋದಾ ಕಿಟಕಿಯ ಸರಳು ಹಿಡಿದುಕೊಂಡಳು. ನಿನಗೇನು ಗೊತ್ತು ಎಂಬ ಮಾತು ಅವಳ ಕಿವಿಯಲ್ಲೇ ನಿಂತಿತು. ಜಗಳದಲ್ಲಿ ಎಂದೂ ಸೋಲದ ಅತ್ತೆ ತಪ್ಪನ್ನು ಸಮನಾಗಿ ಹಂಚಿಕೊಂಡಿದ್ದರು, ಅದೂ ನಳದ ಹತ್ತಿರದ ಮಾತು ತಿಳಿಯದೆ. ಅದನ್ನು ಹಾಗೆಯೇ ಇರಲು ಬಿಟ್ಟರೆ ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ.

"ಹಯಗ್ರೀವಗ ನಾ ಹೇಳೂದಿಲ್ಲ" ಎಂದರು ತುಂಗಕ್ಕ ಡೊಂಬಿವಲಿಯಲ್ಲಿ ಇಳಿಯುವಾಗ. "ನೀನ ಹೇಳು. ನಾ ಹೋದ ಮ್ಯಾಲ ಅಲ್ಲ, ನಾ ಕೂತಿರೂವಾಗ ಹೇಳು."

ಸಂಜೆ ಏಳೂವರೆಗೆ ಊಟಕ್ಕೆ ಕೂತರು. ಹಾಲು ಬಂದು ಬೇಳೆ ಹೋದ ನಾಲ್ಕನೆಯ ತಿಂಗಳು. ಅನ್ನ, ಜೀರಿಗೆ ಸಾರು, ಆಲೂಗಡ್ಡೆ ಪಲ್ಯ. ರಾಯರು, ಹಯಗ್ರೀವ, ವಾರಿಜಾ ಸಾಲಾಗಿ. ತುಂಗಕ್ಕ ಬಾಗಿಲ ಸಂದಿಯಲ್ಲಿ ತಾಟು ಮುಂದಿಟ್ಟುಕೊಂಡು ಗೋಡೆಗೆ ಒರಗಿದ್ದರು. ವಿನೋದಾ ಬಗ್ಗಿ, ತಾಟಿನ ಮೇಲೆಯೇ ಕೈಯಿಟ್ಟು ಅವರಿಗೆ ಅನ್ನ ಬಡಿಸಿದಳು. ರಾಯರು ನೋಡಿ ತಮ್ಮ ಅನ್ನ ಕಲಸಿಕೊಂಡರು.

"ಏನಂದ್ರು ಡಾಕ್ಟರ್?" ಎಂದ ಹಯಗ್ರೀವ.

ವಿನೋದಾ ಡಾಕ್ಟರ್ ಹೇಳಿದ್ದನ್ನು ಹೇಳಿದಳು. ಕ್ಯಾನ್ಸರ್ ಎಂಬ ಶಬ್ದಕ್ಕೆ ರಾಯರು ತುತ್ತು ಕೆಳಗಿಟ್ಟರು. ಹಯಗ್ರೀವ ತಾಯಿಯ ಕಡೆ ತಿರುಗಿದ. ವಿನೋದಾ ಅವನಿಗೆ ಮಾತಾಡಲು ಬಿಡಲಿಲ್ಲ. ಈಗ ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ತನಗೆ ಬರುವುದಿಲ್ಲವೆಂದು ಗೊತ್ತಿತ್ತು. ಆಚಾರ್ಯರ ಪತ್ರ ಗಣಪತಿ ಹಬ್ಬಕ್ಕೆ ಮೊದಲೇ ಬಂದಿತ್ತು, ನಾನೇ ಮುಚ್ಚಿಟ್ಟೆ ಎಂದಳು. ಪತ್ರದಲ್ಲಿ ಏನಿತ್ತೆಂದು ಒಂದೊಂದೇ ಮಾತಾಗಿ ಹೇಳಿದಳು. ವೈದ್ಯರಿಗೆ ತೋರಿಸತಕ್ಕದ್ದು, ತಡ ಮಾಡಬಾರದು ಎಂದಿತ್ತು ಎಂದಾಗ ರಾಯರು ಎಡಗೈಯಿಂದ ಜನಿವಾರ ಹಿಡಿದುಕೊಂಡರು. ಹಯಗ್ರೀವ ತಾಟು ಅತ್ತ ಸರಿಸಿದ.

ತುಂಗಕ್ಕ ತಲೆಯಾಡಿಸಿದರು. ಸೊಸೆ ಹೇಳುವುದನ್ನು ಹೇಳಿದಳು, ಇಷ್ಟಕ್ಕೆ ಮುಗಿಯಿತು ಎಂಬಂತೆ ಅನ್ನಕ್ಕೆ ಕೈಹಾಕಿದರು.

"ಇನ್ನೊಂದದ" ಎಂದಳು ವಿನೋದಾ. ಅವಳು ಗಂಡನನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದಳು. "ದಸರಾ ಮುಂದ ಶರಣಬಸಮ್ಮ ನಳದ ಹತ್ರ ನನಗ ಹೇಳಿದ್ಲು. ನಿಂತ ಮ್ಯಾಲ ಬಂದ್ರ ಕ್ಯಾನ್ಸರ್ ಇರ್ತದ, ಲಗೂ ತಂದ್ರ ಉಳಸ್ತಾರ, ನಾಳೆನ ಕರಕೊಂಡು ಬರ್ರಿ ಅಂತ ಹೇಳಿದ್ಲು. ಮೂರು ಸಲ ಕೇಳಿದ್ಲು. ನಾ ನಿಮಗ ಹೇಳಲಿಲ್ಲ."

ವಾರಿಜಾ ತಾಯಿಯನ್ನು ನೋಡಿದಳು. ಗ್ಯಾಲರಿಯಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹೋದರು.

ತುಂಗಕ್ಕನ ಕೈ ಅನ್ನದಲ್ಲೇ ಉಳಿಯಿತು. ಅವರು ಸಣ್ಣ ದನಿಯಲ್ಲಿ, ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು.

"ಇದು ನನಗ ಗೊತ್ತಿದ್ದಿಲ್ಲ."